ಪಾಲುದಾರಿಕೆಗೆ ಮುನ್ನ ಏಳು ದಿನಗಳ ಕರಾವಳಿ ಪ್ರವಾಸ

ನಷ್ಟದಿಂದ ಮುಚ್ಚಿದ ಪಾಲುದಾರಿಕೆ ಸಂಸ್ಥೆಗಳಿಗಿಂತ ಲೆಕ್ಕದ ಜಗಳದಿಂದ ಮುಚ್ಚಿದವುಗಳೇ ಹೆಚ್ಚು ಎಂಬ ಮಾತನ್ನು ರಾಯಚೂರಿನ ರಾಜೇಂದ್ರ ಗಂಜ್‌ನಲ್ಲಿ ಹತ್ತಾರು ವರ್ಷ ಕುಳಿತ ಯಾವ ಅಡತಿದಾರರನ್ನು ಕೇಳಿದರೂ ಹೇಳುತ್ತಾರೆ. ಸ್ನೇಹಿತರ ಪಾಲುದಾರಿಕೆಯಲ್ಲಂತೂ ಜಗಳದೊಡನೆ ಸ್ನೇಹವೂ ಹೋಗುತ್ತದೆ. ಹಾಗಿದ್ದರೂ ಬಂಡವಾಳ ಹೂಡುವ ಮುನ್ನ ಯಂತ್ರವನ್ನು ಓಡಿಸಿ ನೋಡುವ ನಮ್ಮ ಉದ್ದಿಮೆದಾರರು, ಪಾಲುದಾರನನ್ನು ಮಾತ್ರ ಪರೀಕ್ಷಿಸದೆಯೇ ಒಪ್ಪಿಕೊಳ್ಳುವುದು ವಾಡಿಕೆ. ಅರಕೇರಾದ ಒಬ್ಬ ಹತ್ತಿ ವ್ಯಾಪಾರಿ ಮತ್ತು ಮಾನ್ವಿಯ ಒಬ್ಬ ಅಕ್ಕಿ ಗಿರಣಿ ಮಾಲೀಕರು ಈ ವಾಡಿಕೆಯನ್ನು ಮುರಿದ ಬಗೆ ಸ್ವಾರಸ್ಯಕರವಾಗಿದೆ.

ಇಬ್ಬರೂ ಶಾಲೆಯ ದಿನಗಳಿಂದ ಒಡನಾಡಿಗಳು. ರಾಯಚೂರಿನ ಹೊರವಲಯದಲ್ಲಿ ಕೆಲವು ವರ್ಷಗಳಿಂದ ನಿಂತುಹೋಗಿದ್ದ ಸಣ್ಣ ಜಿನ್ನಿಂಗ್ ಕಾರ್ಖಾನೆಯೊಂದನ್ನು ಜಂಟಿಯಾಗಿ ಲೀಸಿಗೆ ಪಡೆಯುವ ಆಲೋಚನೆ ಅವರಲ್ಲಿ ಮೂಡಿತ್ತು. ಹತ್ತಿಯನ್ನು ಕೈಯಿಂದ ಹಿಚುಕಿ ನೋಡಿಯೇ ತೇವಾಂಶ ಹೇಳಬಲ್ಲ ಅನುಭವ ಒಬ್ಬರದು. ಯಂತ್ರ, ಕೂಲಿ, ವಿದ್ಯುತ್ ಬಿಲ್ಲುಗಳ ನಿರ್ವಹಣೆಯಲ್ಲಿ ಪಳಗಿದ ಕೈ ಇನ್ನೊಬ್ಬರದು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗದು. ಆದರೆ ಹತ್ತಿ ವ್ಯಾಪಾರಿಗೆ ಹಳೆಯ ಗಾಯವೊಂದಿತ್ತು. ಹಿಂದೆ ಭಾವಮೈದುನನೊಡನೆ ಮಾಡಿದ ಪಾಲುದಾರಿಕೆಯಲ್ಲಿ ಹೊರರಾಜ್ಯದ ಖರೀದಿದಾರರೊಬ್ಬರಿಂದ ಆರು ಲಕ್ಷ ರೂಪಾಯಿ ಬಾಕಿ ಉಳಿಯಿತು. ದಾವೆ ಹೂಡಿದಾಗ ಸಂಸ್ಥೆ ನೋಂದಣಿಯಾಗಿಲ್ಲವೆಂಬ ಕಾರಣಕ್ಕೆ ಅದು ನಿಲ್ಲಲಿಲ್ಲ. ಭಾರತೀಯ ಪಾಲುದಾರಿಕೆ ಅಧಿನಿಯಮ, 1932ರ 69ನೇ ಕಲಮಿನಂತೆ ನೋಂದಣಿಯಾಗದ ಸಂಸ್ಥೆ ತನ್ನ ಕರಾರಿನ ಹಕ್ಕಿಗಾಗಿ ಮೂರನೆಯವರ ಮೇಲೆ ದಾವೆ ಹೂಡುವಂತಿಲ್ಲ. ನೋಂದಣಿ ಮಾಡಿಸಿ ಹೊಸದಾಗಿ ದಾವೆ ಹೂಡಬಹುದಿತ್ತು. ಆದರೆ ಅಷ್ಟರಲ್ಲಿ ಮಾಲಿನ ಬೆಲೆಯ ವಸೂಲಿಗಿರುವ ಮೂರು ವರ್ಷಗಳ ಕಾಲಮಿತಿ ಕಳೆದುಹೋಗಿತ್ತು. ಹಣ ಹೋಯಿತು, ಸಂಬಂಧವೂ ಹೋಯಿತು. ಇಂದಿಗೂ ಆ ಎರಡು ಮನೆಗಳ ನಡುವೆ ಮದುವೆ ಮುಂಜಿಗಳ ಕರೆಯೋಲೆ ಹೋಗಿಬರುವುದಿಲ್ಲ.

ಈ ಹಿನ್ನೆಲೆಯಲ್ಲಿ ಗಂಜ್‌ನ ಹಿರಿಯ ಅಡತಿದಾರರೊಬ್ಬರು ನೀಡಿದ ಸಲಹೆ ಹೀಗಿತ್ತು: “ಮೊದಲ ಒಂದು ವಾರ ಒಂದಾ ಥೈಲಿಯಿಂದ ಖರ್ಚು ಮಾಡಿ ತಿರುಗಿ ಬರ್ರಿ. ಆಮ್ಯಾಲೆ ಕಾಗದ ಬರಸೋಣ.” ನಗುತ್ತಲೇ ಆಡಿದ ಈ ಮಾತನ್ನು ಮಿತ್ರರು ನಿಜವಾಗಿಯೇ ತೆಗೆದುಕೊಂಡರು. ಶಿವರಾತ್ರಿಯ ಜನಸಂದಣಿ ಕಳೆದು, ಹತ್ತಿಯ ಆವಕ ಇಳಿಮುಖವಾದ ವಾರವೊಂದನ್ನು ಆರಿಸಿಕೊಳ್ಳಲಾಯಿತು. ತಲಾ ರೂ. 12,000ದಂತೆ ರೂ. 24,000 ಒಂದು ಬಟ್ಟೆಯ ಚೀಲಕ್ಕೆ ಬಿತ್ತು. ಗಿರಣಿ ಮಾಲೀಕರ ಹಳೆಯ ಜೀಪು, ಮಗನಿಂದ ಕಡ ಪಡೆದ ಒಂದು ಡೇರೆ, ಐದು ಕೆ.ಜಿ.ಯ ಗ್ಯಾಸ್ ಸಿಲಿಂಡರ್, ಎರಡು ಪಾತ್ರೆ, ಒಂದು ಡಬ್ಬಿ ತುಂಬ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮತ್ತು ಕೆಂಪು ಖಾರ. ಬಿಳಿಜೋಳದ ಕಡಕ್ ರೊಟ್ಟಿ ವಾರಗಟ್ಟಲೆ ಕೆಡದ ಪದಾರ್ಥವಾದ್ದರಿಂದ ಪ್ರವಾಸದ ಊಟದ ವೆಚ್ಚ ಅರ್ಧಕ್ಕೆ ಇಳಿಯಿತೆಂದು ಮುಂದೆ ಲೆಕ್ಕ ತೋರಿಸಿತು.

ಹೊರಡುವ ಮುನ್ನವೇ ಮೊದಲ ಭಿನ್ನಾಭಿಪ್ರಾಯ ಬಂತು. ಜಿನ್ನಿಂಗ್ ಯಂತ್ರಗಳ ವಿಚಾರಣೆಗೆ ಹೋದಂತೆ ತೋರಿಸಿ ಡೀಸೆಲ್ ಖರ್ಚನ್ನು ಅಂಗಡಿಯ ಲೆಕ್ಕಕ್ಕೆ ಹಾಕಬಹುದಲ್ಲ ಎಂದು ಹತ್ತಿ ವ್ಯಾಪಾರಿ ಕೇಳಿದರು. ಗಿರಣಿ ಮಾಲೀಕರು ಒಪ್ಪಲಿಲ್ಲ. ವಿಹಾರಕ್ಕೆ ಹೋದದ್ದು ವಿಹಾರವೇ. ಅದು ವೈಯಕ್ತಿಕ ವೆಚ್ಚ, ಆದಾಯ ತೆರಿಗೆಯ ಲೆಕ್ಕದಲ್ಲಿ ವ್ಯಾಪಾರದ ವೆಚ್ಚವಾಗಿ ಕಳೆಯಲು ಬರುವುದಿಲ್ಲ, ಮಾಲೀಕರ ಡ್ರಾಯಿಂಗ್ಸ್ ಖಾತೆಗೇ ಹೋಗಬೇಕು. ಈ ವಿಷಯದಲ್ಲಿ ನಮ್ಮ ಬಹುಪಾಲು ಅಂಗಡಿಗಳ ಪುಸ್ತಕಗಳು ಎಷ್ಟು ಶುದ್ಧವಾಗಿವೆ ಎಂಬುದನ್ನು ಓದುಗರೇ ಬಲ್ಲರು.

ಘಟ್ಟ ಇಳಿದು ಕಡಲಿಗೆ

ದೇವದುರ್ಗ, ಲಿಂಗಸುಗೂರು, ಕುಷ್ಟಗಿ, ಗದಗ, ಹುಬ್ಬಳ್ಳಿ ಮಾರ್ಗವಾಗಿ ಯಲ್ಲಾಪುರ ತಲುಪಿ, ಅರಬೈಲು ಘಟ್ಟವನ್ನಿಳಿದು ಅಂಕೋಲಾ ಸೇರುವಷ್ಟರಲ್ಲಿ ಸುಮಾರು 400 ಕಿ.ಮೀ. ಆಗಿ ಸಂಜೆಯಾಗಿತ್ತು. ಬಯಲುಸೀಮೆಯ ಕಪ್ಪುನೆಲ ಕಳೆದು ಕಾಡು, ಕಾಡು ಕಳೆದು ತೆಂಗು ಬರುವ ಈ ಒಂದೇ ದಿನದ ದಾರಿ ಸರಕು ಲಾರಿಗಳ ದಾರಿಯೂ ಹೌದು. ಆ ರಾತ್ರಿ ತೆಂಗಿನ ತೋಟವೊಂದರ ಅಂಚಿನಲ್ಲಿ ಮನೆಯವರ ಅನುಮತಿ ಪಡೆದು ಡೇರೆ ಹಾಕಲಾಯಿತು. ಬಾಡಿಗೆ ರೂ. 400, ಬಾವಿಯ ನೀರು ಮತ್ತು ಶೌಚಾಲಯ ಅದರಲ್ಲೇ ಸೇರಿತ್ತು.

ಇಲ್ಲೊಂದು ಮಾತು ಹೇಳಬೇಕು. ಕಡಲತೀರವೆಂದರೆ ಎಲ್ಲಿ ಬೇಕಾದರೂ ಡೇರೆ ಹಾಕಬಹುದೆಂಬ ಭಾವನೆ ಬಯಲುಸೀಮೆಯವರಲ್ಲಿದೆ. ಅದು ಸರಿಯಲ್ಲ. ರಾತ್ರಿ ತೆರೆದ ಮರಳಿನ ಮೇಲೆ ತಂಗುವುದನ್ನು ಪೊಲೀಸರು ಅನೇಕ ಕಡೆ ತಡೆಯುತ್ತಾರೆ. ಉಬ್ಬರದ ನೀರು ಎಲ್ಲಿಯವರೆಗೆ ಬರುತ್ತದೆಂಬುದೂ ಹೊರಗಿನವರಿಗೆ ತಿಳಿಯದು. ಹೊನ್ನಾವರದ ಕಾಸರಕೋಡು ಭಾಗದ ಮರಳಿನಲ್ಲಿ ಚಳಿಗಾಲದಿಂದ ಬೇಸಿಗೆಯ ಆರಂಭದವರೆಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಅಲ್ಲಿ ಬೆಂಕಿ, ದೀಪ, ಗದ್ದಲ ಸಲ್ಲದು. ಖಾಸಗಿ ಮನೆಯಂಗಳ ಅಥವಾ ತೋಟದಲ್ಲಿ ಕೇಳಿ, ಹಣ ಕೊಟ್ಟು ತಂಗುವುದೇ ಅಗ್ಗದ ಹಾಗೂ ನೆಮ್ಮದಿಯ ದಾರಿ.

ಮರುದಿನ ಬೆಳಿಗ್ಗೆ ಅಂಕೋಲಾದಿಂದ ದಕ್ಷಿಣಕ್ಕೆ ಹೊರಟ ಜೀಪು ಶಿರೂರಿನಲ್ಲಿ ನಿಧಾನವಾಯಿತು. 2024ರ ಜುಲೈ 16ರಂದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದದ್ದು ಇಲ್ಲಿಯೇ. ಲಾರಿ ಚಾಲಕರು ಚಹಾಕ್ಕೆ ನಿಲ್ಲುತ್ತಿದ್ದ ರಸ್ತೆಬದಿಯ ಸಣ್ಣ ಹೋಟೆಲು, ಅದನ್ನು ನಡೆಸುತ್ತಿದ್ದ ಕುಟುಂಬ, ನಿಂತಿದ್ದ ವಾಹನಗಳು ಮಣ್ಣಿನೊಡನೆ ಗಂಗಾವಳಿ ನದಿಗೆ ಹೋದವು. ಮರ ಸಾಗಿಸುತ್ತಿದ್ದ ಕೇರಳದ ಲಾರಿಯೊಂದು ಎರಡು ತಿಂಗಳ ಮೇಲೆ, ಸೆಪ್ಟೆಂಬರ್‌ನಲ್ಲಿ ನದಿಯಿಂದ ಮೇಲೆ ಬಂತು. ಲಾರಿಗಳ ಮೇಲೆಯೇ ಜೀವನ ನಡೆಸುವ ಇಬ್ಬರು ವ್ಯಾಪಾರಿಗಳು ಆ ತಿರುವಿನಲ್ಲಿ ಮಾತಿಲ್ಲದೆ ಸ್ವಲ್ಪ ಹೊತ್ತು ನಿಂತರು. ಅದೇ ವರ್ಷದ ಆಗಸ್ಟ್‌ನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆಯೂ ಕುಸಿದಿತ್ತು. ಮಳೆಗಾಲದಲ್ಲಿ ಈ ದಾರಿಯಲ್ಲಿ ಸರಕು ಕಳುಹಿಸುವವರು ವಿಮೆಯ ಕಂತನ್ನು ಉಳಿಸಲು ಹೋಗಬಾರದು.

ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನ, ಕುಡ್ಲೆ ಮತ್ತು ಓಂ ತೀರಗಳ ನಡಿಗೆ ಮುಗಿಸಿ ಮಿತ್ರರು ಹೆಚ್ಚು ಹೊತ್ತು ಕಳೆದದ್ದು ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿ. ಕಡಲ ನೀರನ್ನು ಅಚ್ಚುಕಟ್ಟಾದ ಮಡಿಗಳಿಗೆ ಹಾಯಿಸಿ, ಬಿಸಿಲಿಗೆ ಆವಿಯಾಗಿಸಿ, ಹರಳುಗಟ್ಟಿದ ಉಪ್ಪನ್ನು ಎಳೆದು ರಾಶಿ ಮಾಡುವ ಈ ಉದ್ಯಮಕ್ಕೆ ಕಚ್ಚಾಮಾಲು ಪುಕ್ಕಟೆ, ಇಂಧನವೂ ಪುಕ್ಕಟೆ. ಒಂದು ಅಕಾಲಿಕ ಮಳೆ ಮಾತ್ರ ಎಲ್ಲವನ್ನೂ ಕರಗಿಸಿಬಿಡುತ್ತದೆ. ಇಲ್ಲಿನ ಆಗರಗಳ ಮಾಲೀಕರು ನಾಗರಬೈಲ್ ಉಪ್ಪು ಮಾಲೀಕರ ಸಹಕಾರ ಸಂಘವೆಂದು ಒಂದಾಗಿ ಈ ವ್ಯವಹಾರ ನಡೆಸಿಕೊಂಡು ಬಂದಿದ್ದಾರೆ. ಗಿರಣಿ ಮಾಲೀಕರ ಗಮನ ಸೆಳೆದದ್ದು ಅಘನಾಶಿನಿ ನದಿಯ ಅಳಿವೆಯ ಗಜನಿ ಭೂಮಿ. ಉಪ್ಪುನೀರು ನುಗ್ಗುವ ಈ ಗದ್ದೆಗಳಲ್ಲಿ ಮಳೆಗಾಲಕ್ಕೆ ಕಗ್ಗ ಎಂಬ ಭತ್ತ ಬೆಳೆಯುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಸೋನಾ ಮಸೂರಿಯ ಹೊರತು ಬೇರೆ ಭತ್ತವನ್ನು ಗಂಭೀರವಾಗಿ ಪರಿಗಣಿಸದ ಮಾನ್ವಿಯ ಗಿರಣಿಗಾರರು ಕಗ್ಗದ ಕೆಂಪು ಅಕ್ಕಿಯನ್ನು ಅಂಗೈಯಲ್ಲಿ ಉಜ್ಜಿ ನೋಡಿ, ಇಳುವರಿಯ ಬಗ್ಗೆ ಇಪ್ಪತ್ತು ಪ್ರಶ್ನೆ ಕೇಳಿದರಂತೆ.

ಹತ್ತಿ ವ್ಯಾಪಾರಿಯ ಸರದಿ ಕುಮಟಾದಲ್ಲಿ ಬಂತು. ಇಂದು ಶಾಂತವಾಗಿರುವ ಈ ಪಟ್ಟಣ ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ಹತ್ತಿ ಬಂದರಾಗಿತ್ತು. ಧಾರವಾಡ ಸೀಮೆಯ ಹತ್ತಿ ಎತ್ತುಗಳ ಬೆನ್ನ ಮೇಲೆ ಘಟ್ಟವಿಳಿದು ಇಲ್ಲಿಗೆ ಬಂದು, ಹಡಗೇರಿ ಮುಂಬಯಿಗೆ ಹೋಗುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಇಲ್ಲಿನ ಹತ್ತಿಗೆ ಬಂಗಾರದ ಬೆಲೆ ಬಂತು. ಉತ್ತರ ಕನ್ನಡವನ್ನು 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಿದ್ದರ ಹಿಂದೆಯೂ ಹತ್ತಿ ಸಾಗಣೆಯ ಹಿತಾಸಕ್ತಿ ಇತ್ತು. ಬೆಳೆದದ್ದು ಬಯಲಲ್ಲಿ; ಆದರೆ ಪೇಟೆಯಲ್ಲಿ ಆ ಹತ್ತಿಗೆ ನಿಂತ ಹೆಸರು ‘ಕುಮಟಾ’ ಎಂದೇ! ನಮ್ಮ ರಾಯಚೂರಿಗೆ 1871ರಲ್ಲಿ ಮುಂಬಯಿ ಮತ್ತು ಮದರಾಸಿನ ರೈಲು ಮಾರ್ಗಗಳು ಬಂದು ಕೂಡಿದವು. ಮಾಲು ಯಾವ ದಾರಿಯಲ್ಲಿ ಸಾಗುತ್ತದೆಯೋ ಆ ದಾರಿಯ ಊರಿಗೆ ಹೆಸರು ಮತ್ತು ಲಾಭ ಬರುವುದನ್ನು ಕಂಡ ವ್ಯಾಪಾರಿ, ಜಿನ್ನಿಂಗ್ ಕಾರ್ಖಾನೆಯ ಸ್ಥಳದ ಬಗ್ಗೆ ಅದುವರೆಗೆ ಕೇಳದಿದ್ದ ಪ್ರಶ್ನೆಗಳನ್ನು ಅಂದು ರಾತ್ರಿ ಡೇರೆಯಲ್ಲಿ ಕೇಳತೊಡಗಿದರು.

ಗೋಡಂಬಿಯ ಪ್ರಕರಣ

ಈವರೆಗೆ ಚೀಲದ ಲೆಕ್ಕ ಸರಾಗವಾಗಿ ನಡೆದಿತ್ತು. ಗಿರಣಿ ಮಾಲೀಕರು ಚಹಾದ ಖರ್ಚನ್ನೂ ಬಿಡದೆ ಕಿರುಪುಸ್ತಕದಲ್ಲಿ ಬರೆಯುತ್ತಿದ್ದರು. ಬಾಯಿಮಾತಿನಲ್ಲಿ ಲಕ್ಷಾಂತರ ರೂಪಾಯಿಯ ಹತ್ತಿ ಖರೀದಿಸುವ ಮಿತ್ರರಿಗೆ ಇದು ತಮಾಷೆಯಾಗಿ ಕಾಣುತ್ತಿತ್ತು. ಆದರೆ ಹೊನ್ನಾವರದಲ್ಲಿ, ಗಿರಣಿ ಮಾಲೀಕರು ಸ್ನಾನಕ್ಕೆ ಹೋಗಿದ್ದ ಹೊತ್ತಿನಲ್ಲಿ, ಹತ್ತಿ ವ್ಯಾಪಾರಿ ಚೀಲದಿಂದ ರೂ. 5,200 ತೆಗೆದು ಎಂಟು ಕೆ.ಜಿ. ತುಂಡು ಗೋಡಂಬಿ ಖರೀದಿಸಿಬಿಟ್ಟರು. ಕೆ.ಜಿ.ಗೆ ರೂ. 650, ರಾಯಚೂರಿನ ಮಿಠಾಯಿ ಅಂಗಡಿಗೆ ಕೊಟ್ಟರೆ ನೂರು ರೂಪಾಯಿಯಾದರೂ ಉಳಿಯುತ್ತದೆಂಬುದು ಅವರ ಎಣಿಕೆ. ಒಳ್ಳೆಯ ಖರೀದಿಯೇ. ಆದರೂ ಗಿರಣಿ ಮಾಲೀಕರ ಮುಖ ಕಪ್ಪಿಟ್ಟಿತು.

ಅವರ ಆಕ್ಷೇಪ ಮೊತ್ತದ ಬಗ್ಗೆ ಇರಲಿಲ್ಲ. ಚೀಲ ಪ್ರವಾಸಕ್ಕೆಂದು ಇಟ್ಟದ್ದು. ಅದರಿಂದ ವ್ಯಾಪಾರ ಮಾಡಲು ಯಾರ ಒಪ್ಪಿಗೆ? ಲಾಭ ಬಂದರೆ ಯಾರದು, ಗೋಡಂಬಿ ಮುಗ್ಗಿದರೆ ನಷ್ಟ ಯಾರದು? “ನಾಳೆ ಮಿಲ್ಲಿನ ರೊಕ್ಕದಾಗೂ ನೀ ಹಿಂಗಾ ಮಾಡಾಂವ,” ಎಂದರು. ಮುರ್ಡೇಶ್ವರದ 20 ಅಂತಸ್ತಿನ ಗೋಪುರವನ್ನೂ 123 ಅಡಿಯ ಶಿವನ ವಿಗ್ರಹವನ್ನೂ ಇಬ್ಬರೂ ಬೇರೆ ಬೇರೆಯಾಗಿ ನೋಡಿ ಬಂದರೆಂದರೆ ಸಾಕು.

ಕಾನೂನು ಈ ಪ್ರಶ್ನೆಯನ್ನು ಸ್ಪಷ್ಟವಾಗಿ ನೋಡಿದೆ. ಪಾಲುದಾರನು ಸಂಸ್ಥೆಯ ವ್ಯವಹಾರಕ್ಕೆ ಸಂಸ್ಥೆಯ ಪ್ರತಿನಿಧಿ. ಸಂಸ್ಥೆ ನಡೆಸುವ ಬಗೆಯ ವ್ಯಾಪಾರವನ್ನು ಎಂದಿನ ರೀತಿಯಲ್ಲಿ ಸಾಗಿಸಲು ಆತ ಮಾಡಿದ ಕೆಲಸ ಎಲ್ಲ ಪಾಲುದಾರರನ್ನೂ ಕಟ್ಟಿಹಾಕುತ್ತದೆ. ಹತ್ತಿ ಸಂಸ್ಥೆಯ ಪಾಲುದಾರ ಹತ್ತಿ ಖರೀದಿಸಿದರೆ ಎಲ್ಲರೂ ಬಾಧ್ಯರು, ಅದೂ ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ. ಗೋಡಂಬಿ ಖರೀದಿಸಿದರೆ ಪ್ರಶ್ನೆ ಬೇರೆ. ಪಾಲುದಾರಿಕೆ ಪತ್ರದಲ್ಲಿ ಈ ಅಧಿಕಾರವನ್ನು ಮೊಟಕುಗೊಳಿಸಬಹುದು. ಆದರೆ ಆ ನಿರ್ಬಂಧ ತಿಳಿಯದ ಹೊರಗಿನ ವ್ಯಾಪಾರಿಗೆ ಅದು ತಟ್ಟುವುದಿಲ್ಲ. ಅಂದರೆ ಕಾಗದದಲ್ಲಿ ಎಷ್ಟು ಬೇಲಿ ಹಾಕಿದರೂ ಒಬ್ಬರ ಸ್ವಭಾವಕ್ಕೆ ಇನ್ನೊಬ್ಬರ ಆಸ್ತಿ ಒತ್ತೆಯಾಗಿರುತ್ತದೆ. ಗಿರಣಿ ಮಾಲೀಕರ ಭಯ ನಿರಾಧಾರವಾಗಿರಲಿಲ್ಲ.

ಮರವಂತೆಯಲ್ಲಿ ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಅಂದಿನ ಡೇರೆ ನದಿಯ ಕಡೆಯ ಮನೆಯೊಂದರ ಅಂಗಳದಲ್ಲಿ. ಸಂಜೆ ಹತ್ತಿ ವ್ಯಾಪಾರಿ ಕಡಲಿನಲ್ಲಿ ಈಜುವ ಉತ್ಸಾಹ ತೋರಿದರು. ಕೃಷ್ಣಾ ನದಿಯಲ್ಲಿ ಈಜು ಕಲಿತವರು ಅವರು. ಆದರೆ ಹೊರಡುವ ಮೊದಲೇ ಒಂದು ನಿಯಮವಾಗಿತ್ತು: ನೀರಿನ ವಿಷಯದಲ್ಲಿ ಇಬ್ಬರಲ್ಲಿ ಒಬ್ಬರು ಬೇಡವೆಂದರೆ ಬೇಡ, ಚರ್ಚೆಯಿಲ್ಲ. ಮನೆಯ ಹಿರಿಯ ಮಹಿಳೆ ಸಹ ಅಲೆ ಒಡೆಯದೆ ನೀರು ನಯವಾಗಿ ಕಾಣುವ ಜಾಗದಲ್ಲಿಯೇ ಒಳಸೆಳೆತ ಹೆಚ್ಚೆಂದು ಎಚ್ಚರಿಸಿದರು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಕಡಲಪಾಲಾದದ್ದು ಎಲ್ಲರಿಗೂ ನೆನಪಿತ್ತು. ಗಿರಣಿ ಮಾಲೀಕರು ಬೇಡವೆಂದರು. ಮುನಿಸಿನ ದಿನವಾದರೂ ಮಿತ್ರರು ಟವೆಲನ್ನು ಮಡಿಸಿ ಜೀಪಿನಲ್ಲಿಟ್ಟು, “ನೀ ಬ್ಯಾಡಂದಿಯಲ್ಲ, ಮುಗೀತು,” ಎಂದು ಒಲೆ ಹೊತ್ತಿಸಿದರು. ಗೋಡಂಬಿಯ ಕಾವು ಅಲ್ಲಿಗೆ ಅರ್ಧ ಇಳಿಯಿತೆಂದು ಗಿರಣಿ ಮಾಲೀಕರು ಆಮೇಲೆ ಹೇಳಿದ್ದಾರೆ. ಹಾಕಿಕೊಂಡ ನಿಯಮಕ್ಕೆ ಮನಸ್ಸಿಲ್ಲದಿದ್ದಾಗಲೂ ತಲೆಬಾಗುವ ಮನುಷ್ಯನೊಡನೆ ವ್ಯವಹಾರ ಸಾಧ್ಯವೆಂದು ಅವರಿಗೆ ಅನ್ನಿಸಿತಂತೆ.

ಟೈರು ಯಾರ ಖರ್ಚು?

ಮಲ್ಪೆಯ ಮೀನುಗಾರಿಕಾ ಬಂದರನ್ನು ನೋಡಿ, ಬಂದ ದಾರಿಯಲ್ಲೇ ಕುಮಟಾಕ್ಕೆ ಮರಳಿ, ದೇವಿಮನೆ ಘಟ್ಟದ ಮೂಲಕ ಶಿರಸಿಯತ್ತ ಹತ್ತಲಾಯಿತು. ರಸ್ತೆ ಅಗಲೀಕರಣದ ಕಾಮಗಾರಿಗಾಗಿ ಈ ಮಾರ್ಗವನ್ನು ಹಿಂದೆ ಹಲವು ಬಾರಿ ಮುಚ್ಚಿದ್ದುಂಟು. ಹೊರಡುವವರು ವಿಚಾರಿಸಿಕೊಳ್ಳುವುದು ಒಳಿತು. ಘಟ್ಟದ ನಡುವೆ ಹಿಂದಿನ ಟೈರು ಸಿಡಿಯಿತು. ಬದಲಿ ಟೈರು ಹಾಕಿ ಶಿರಸಿ ಸೇರಿದಾಗ ರಾತ್ರಿಯಾದ್ದರಿಂದ ಡೇರೆ ಬಿಟ್ಟು ವಸತಿಗೃಹದಲ್ಲಿ ತಂಗಬೇಕಾಯಿತು: ರೂ. 900, ಶೇ. 5ರ ಜಿ.ಎಸ್.ಟಿ. ಸೇರಿ ರೂ. 945. ಮರುದಿನ ಬೆಳಿಗ್ಗೆ ಗಿರಣಿ ಮಾಲೀಕರು ಸ್ವಂತ ಜೇಬಿನಿಂದ ರೂ. 5,600 ಕೊಟ್ಟು ಹೊಸ ಟೈರು ಹಾಕಿಸಿದರು.

ಊರಿಗೆ ಮರಳಿದ ಮೇಲೆ ಗಂಜ್‌ನ ಹಿರಿಯ ಅಡತಿದಾರರ ಗಾದಿಯ ಮೇಲೆ ಲೆಕ್ಕ ಬಿಚ್ಚಲಾಯಿತು. 1,310 ಕಿ.ಮೀ.ಗೆ ಡೀಸೆಲ್ ರೂ. 9,150, ಟೋಲ್ ಮತ್ತು ಪಾರ್ಕಿಂಗ್ ರೂ. 1,005, ಐದು ರಾತ್ರಿಯ ಅಂಗಳದ ಬಾಡಿಗೆ ಮತ್ತು ಒಂದು ರಾತ್ರಿಯ ಕೋಣೆ ಸೇರಿ ರೂ. 2,945, ಊಟ, ಕಿರಾಣಿ, ಚಹಾ ರೂ. 4,860, ದೋಣಿ ಇತ್ಯಾದಿ ರೂ. 340, ಗೋಡಂಬಿ ರೂ. 5,200. ಒಟ್ಟು ರೂ. 23,500. ಪುಸ್ತಕದ ಪ್ರಕಾರ ಚೀಲದಲ್ಲಿ ರೂ. 500 ಇರಬೇಕು, ಇದ್ದದ್ದು ರೂ. 410. ತೊಂಬತ್ತು ರೂಪಾಯಿಗೆ ಅರ್ಧ ಗಂಟೆ ಹುಡುಕಾಟ ನಡೆದು, ಕೊನೆಗೆ ಕುಮಟಾದಲ್ಲಿ ಕುಡಿದ ಎರಡು ಎಳನೀರು ಬರೆಯದೆ ಉಳಿದದ್ದು ಹೊರಬಂತು. ಬರೆಯಲು ಮರೆತವರು ಪುಸ್ತಕ ಹಿಡಿದವರೇ! ಗೋಡಂಬಿಯನ್ನು ಬಿಟ್ಟರೆ ಏಳು ದಿನ, ಆರು ರಾತ್ರಿಗಳ ಪ್ರವಾಸಕ್ಕೆ ತಲಾ ರೂ. 9,195 ಬಿದ್ದಿತ್ತು.

ಉಳಿದದ್ದು ಟೈರು. ಅರ್ಧ ಹಣ, ಅಂದರೆ ರೂ. 2,800 ತಮಗೆ ಬರಬೇಕೆಂದು ಗಿರಣಿ ಮಾಲೀಕರು. ಟೈರು ಜೀಪಿನಲ್ಲೇ ಉಳಿಯಿತಲ್ಲ, ತಾವೇಕೆ ಕೊಡಬೇಕೆಂದು ಹತ್ತಿ ವ್ಯಾಪಾರಿ. ಇಬ್ಬರದೂ ಅರ್ಧ ಸರಿ. ಅಧಿನಿಯಮದ 13ನೇ ಕಲಮಿನಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ವ್ಯವಹಾರದ ಯೋಗ್ಯ ನಿರ್ವಹಣೆಗಾಗಿ ಪಾಲುದಾರ ಕೊಟ್ಟ ಹಣವನ್ನು ಸಂಸ್ಥೆ ತುಂಬಿಕೊಡಬೇಕು. ಆದರೆ ಒಬ್ಬರ ಸ್ವಂತ ಆಸ್ತಿಗೆ ಸೇರಿದ ಬೆಲೆಯೆಲ್ಲ ಜಂಟಿ ವೆಚ್ಚವಾಗದು. ಅಡತಿದಾರರು ಕಾಗದದ ಮೇಲೆ ಬಿಡಿಸಿದ ಲೆಕ್ಕ ಇದು: ನಾಲ್ಕು ಟೈರಿಗೆ ರೂ. 22,400, ಬಾಳಿಕೆ 40,000 ಕಿ.ಮೀ. ಎಂದಿಟ್ಟುಕೊಂಡರೆ 1,310 ಕಿ.ಮೀ.ಗೆ ಸವೆತ ರೂ. 734, ತಲಾ ರೂ. 367. ಗಿರಣಿ ಮಾಲೀಕರು ಸವಕಳಿಯ ಈ ತತ್ತ್ವವನ್ನು ತಮ್ಮ ಗಿರಣಿಯ ಯಂತ್ರಗಳಿಗೆ ಪ್ರತಿ ವರ್ಷ ಅನ್ವಯಿಸುವವರಾದ್ದರಿಂದ ಮರುಮಾತಿಲ್ಲದೆ ಒಪ್ಪಿದರು. ಜೀಪನ್ನೇ ಜಂಟಿ ಬಳಕೆಗೆ ಕೊಟ್ಟದ್ದಕ್ಕೆ ಬಾಡಿಗೆ ಬೇಕಿತ್ತಲ್ಲವೇ ಎಂದು ಗಾದಿಯ ಮೇಲಿದ್ದ ಇನ್ನೊಬ್ಬರು ಕೇಳಿದಾಗ ಮಾತ್ರ ಇಬ್ಬರೂ ಒಟ್ಟಿಗೆ ಅವರನ್ನು ಸುಮ್ಮನಾಗಿಸಿದರು.

ಜಿನ್ನಿಂಗ್ ಕಾರ್ಖಾನೆಯನ್ನು ಒಂದು ಹಂಗಾಮಿನ ಮಟ್ಟಿಗೆ ಮಾತ್ರ ನಡೆಸಿ ನೋಡುವುದೆಂದು ತೀರ್ಮಾನವಾಗಿದೆ. ಒಂದೇ ವ್ಯವಹಾರಕ್ಕೆ ಸೀಮಿತವಾದ ಇಂಥ ಪಾಲುದಾರಿಕೆಗೆ 8ನೇ ಕಲಮು ಅವಕಾಶ ನೀಡುತ್ತದೆ. ನಮ್ಮಲ್ಲಿ ಅದನ್ನು ಬಳಸುವವರು ವಿರಳ. ಮೊದಲ ಮಾಲು ಖರೀದಿಸುವ ಮುನ್ನವೇ ಫರ್ಮುಗಳ ರಿಜಿಸ್ಟ್ರಾರರಲ್ಲಿ ನೋಂದಣಿಯಾಗಬೇಕೆಂಬುದು ಹತ್ತಿ ವ್ಯಾಪಾರಿಯ ಏಕೈಕ ಹಟ. ಪತ್ರದ ಕರಡಿನಲ್ಲಿ, ಹತ್ತಿಯ ಹೊರತಾಗಿ ರೂ. 5,000 ಮೀರಿದ ಯಾವುದೇ ಖರೀದಿಗೆ ಇಬ್ಬರ ಸಹಿ ಬೇಕೆಂಬ ಷರತ್ತಿದೆ. ಈ ಮಿತಿಯನ್ನು ಸೂಚಿಸಿದವರೂ ಅವರೇ. ದಿನವಿಡೀ ಕಾರ್ಖಾನೆಯಲ್ಲಿ ನಿಲ್ಲುವವರಿಗೆ ಸಂಬಳವೆಷ್ಟು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಪತ್ರ ಮೌನವಾಗಿದ್ದರೆ ಕಾನೂನಿನಂತೆ ಸಂಬಳವಿಲ್ಲ, ಲಾಭ ಸಮಪಾಲು. ಆದ್ದರಿಂದ ದಸರಾಕ್ಕೆ ಹೊಸ ಹತ್ತಿ ಬರುವ ಮೊದಲು ಅದನ್ನು ಬರೆಯಲೇಬೇಕು.

ಗೋಡಂಬಿಯಲ್ಲಿ ಐದು ಕೆ.ಜಿ. ರಾಯಚೂರಿನ ಮಿಠಾಯಿ ಅಂಗಡಿಗೆ ಕೆ.ಜಿ.ಗೆ ರೂ. 760ರಂತೆ ಮಾರಾಟವಾಗಿ ರೂ. 550 ಲಾಭ ಬಂದಿದೆ. ಅದು ಚೀಲಕ್ಕೆ ಜಮೆಯಾಗಿದೆ. ಉಳಿದ ಮೂರು ಕೆ.ಜಿ.ಯನ್ನು ಎರಡೂ ಮನೆಯ ಮಕ್ಕಳು ತಿಂದಿದ್ದು, ತಲಾ ಒಂದೂವರೆ ಕೆ.ಜಿ.ಯಂತೆ ಡ್ರಾಯಿಂಗ್ಸ್ ಎಂದು ಗಿರಣಿ ಮಾಲೀಕರು ಬರೆದುಕೊಂಡಿದ್ದಾರೆ.